ಡೀಸೆಲ್ ಅಲ್ಲದ ಡೀಸೆಲ್: 1 ಸಿ.ಸಿ. ಮಾದರಿ ಎಂಜಿನಿನ ಸಂದು ಮತ್ತು ದುರಸ್ತಿ

ಮಾದರಿ ವಿಮಾನ ಹಾರಿಸುವವರು ‘ಡೀಸೆಲ್’ ಎಂದು ಕರೆಯುವ ಎಂಜಿನ್ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಬ್ಯಾಟರಿಯೂ ಇಲ್ಲ. ಮೂತಿಗೆ ಕೂರಿಸಿದ ಪ್ರೊಪೆಲ್ಲರನ್ನು ಬೆರಳಿನಿಂದ ಚಿಮ್ಮಿದರೆ ಹತ್ತಿಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತದೆ. ಆದರೆ ಬಂಕಿನಿಂದ ತಂದ ಡೀಸೆಲ್ ಹಾಕಿದರೆ ಅದು ಕೆಮ್ಮುವುದೂ ಇಲ್ಲ. ಹೆಸರಿಗೂ ವಸ್ತುವಿಗೂ ಇರುವ ಈ ಅಂತರವನ್ನು ಹವ್ಯಾಸಿಗಳು ನಕ್ಕು ಬಿಟ್ಟುಬಿಡುತ್ತಾರೆ. ಬಿಡಬಾರದು ಎಂಬುದು ಈ ಟಿಪ್ಪಣಿಯ ನಿಲುವು. ಇಂಥ ಒಂದು ಎಂಜಿನನ್ನು ಚಿಕ್ಕ ಲೇತಿನ ಮೇಲೆ ಮೊದಲಿನಿಂದ ಕೊನೆಯವರೆಗೆ ಮಾಡಿ, ಇನ್ನೊಂದನ್ನು ಕೆಟ್ಟ ಸ್ಥಿತಿಯಿಂದ ಎತ್ತಿ ಓಡಿಸಿದ ಮೇಲೆ ನನಗೆ ತೋರಿದ್ದು ಇಷ್ಟು: ಇದರಲ್ಲಿ ಕಿಡಿಯ ಕೆಲಸವನ್ನು ಮಾಡುವುದು ಅಳತೆ. ಪಿಸ್ಟನ್ನಿಗೂ ಅದು ಜಾರುವ ಕೊಳವೆಯಾದ ಲೈನರಿಗೂ ನಡುವಿನ ಸಂದು ಸರಿಯಿದ್ದರೆ ಬೆಂಕಿ ತಾನಾಗಿ ಹತ್ತುತ್ತದೆ, ಇಲ್ಲದಿದ್ದರೆ ಏನು ಮಾಡಿದರೂ ಹತ್ತದು.

ಮೊದಲು ಹೆಸರಿನ ವಿಚಾರ. ರುಡಾಲ್ಫ್ ಡೀಸೆಲ್ ಅವರ ಎಂಜಿನ್ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ 1897ರ ಫೆಬ್ರವರಿಯಲ್ಲಿ ಪರೀಕ್ಷೆಗೆ ನಿಂತಾಗ, ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅಳೆದ ದಕ್ಷತೆ ನೂರಕ್ಕೆ 26.2. ಆ ಎಂಜಿನಿನಲ್ಲಿ ಪಿಸ್ಟನ್ ಒತ್ತುವುದು ಬರೀ ಗಾಳಿಯನ್ನು. ಇಂಧನ ಒಳಗೆ ಬರುವುದು ಒತ್ತಡ ಮುಗಿಯುವ ಹೊತ್ತಿಗೆ. ಅಂದರೆ ಇಂಧನ ಬಂದ ಗಳಿಗೆಯೇ ಬೆಂಕಿಯ ಗಳಿಗೆ. ಇಂಧನ ಬಿಡುವ ಕವಾಟ ಅದನ್ನು ನಿರ್ಧರಿಸುತ್ತದೆ. ನಮ್ಮ ಪುಟ್ಟ ಎಂಜಿನಿನಲ್ಲಿ ಅಂಥ ಕವಾಟವೇ ಇಲ್ಲ. ಒಂದು ಕೊಳವೆ, ಅದಕ್ಕೆ ಅಡ್ಡ ಒಂದು ತೂತಿನ ನಳಿಕೆ, ನಳಿಕೆಯೊಳಗೆ ಒಂದು ಸೂಜಿ; ಇದಿಷ್ಟೇ ಕಾರ್ಬ್ಯುರೇಟರ್. ಗಾಳಿ ಮತ್ತು ಇಂಧನ ಬೆರೆತೇ ಒಳಗೆ ಹೋಗುತ್ತವೆ, ಬೆರೆತೇ ಒತ್ತಲ್ಪಡುತ್ತವೆ, ಸಾಕಷ್ಟು ಬಿಸಿಯಾದಾಗ ಒಟ್ಟಿಗೆ ಹತ್ತುತ್ತವೆ. ಯಾವಾಗ ಹತ್ತಬೇಕೆಂದು ಹೇಳುವ ಬೇರೆ ಅಂಗ ಇಲ್ಲ. ಇದೇ ಬಗೆಯ ದಹನವನ್ನು ಜಪಾನಿನ ಒನಿಶಿ ಮತ್ತು ಸಂಗಡಿಗರು 1979ರಲ್ಲಿ ಎರಡು ಹೊಡೆತದ ಪೆಟ್ರೋಲ್ ಎಂಜಿನಿನಲ್ಲಿ ವಿವರಿಸಿದರು. ಆಮೇಲೆ ದೊಡ್ಡ ಪ್ರಯೋಗಾಲಯಗಳು ಅದರ ಹಿಂದೆ ಬಿದ್ದವು. ಒನಿಶಿಯವರದು ಹಿಂದಿನ ಸುತ್ತಿನ ಬಿಸಿ ಅನಿಲವನ್ನು ಉಳಿಸಿಕೊಂಡು ಮಾಡಿದ ಕೆಲಸ, ಇಲ್ಲಿಯದು ಇಂಧನದಲ್ಲಿ ಬೆರೆಸಿದ ಈಥರಿನ ಬಲದಿಂದ ನಡೆಯುವುದು. ಎರಡನ್ನೂ ಒಂದೇ ಎನ್ನುವಂತಿಲ್ಲ. ಆದರೂ ವಂಶ ಕೇಳಿದರೆ ಈ ಪುಟ್ಟ ಎಂಜಿನ್ ಲಾರಿಯ ಡೀಸೆಲಿಗಿಂತ ಆ ಪ್ರಯೋಗಾಲಯದ ಎಂಜಿನಿಗೇ ಹತ್ತಿರದ ನೆಂಟ.

ಇದು ಹುಟ್ಟಿದ್ದು ತೂಕದ ಲೆಕ್ಕಾಚಾರದಿಂದ. 1930ರ ದಶಕದಲ್ಲಿ ಅಮೆರಿಕದ ಬ್ರೌನ್ ಜೂನಿಯರಿನಂಥ ಎಂಜಿನ್‌ಗಳು ಸ್ಪಾರ್ಕ್ ಪ್ಲಗ್ಗಿನಿಂದ ನಡೆಯುತ್ತಿದ್ದವು. ಅವುಗಳ ಜೊತೆಗೆ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ವಿಮಾನವೇ ಹೊರಬೇಕಿತ್ತು. ಸುಮಾರು 10 ಸಿ.ಸಿ. ಎಂಜಿನಿಗೆ ಅದು ಹೊರೆಯಲ್ಲ, 1 ಸಿ.ಸಿ. ಎಂಜಿನಿಗೆ ಹೊರಲಾರದ ಹೊರೆ. 1940ರ ದಶಕದ ಆರಂಭದಲ್ಲಿ ಸ್ವಿಟ್ಜರ್‌ಲ್ಯಾಂಡಿನ ಡೈನೋ ಎಂಜಿನ್ ಆ ಸಾಮಾನುಗಳನ್ನೆಲ್ಲ ಕಳಚಿಟ್ಟಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ರಿಟನ್ನಿನ ಮಿಲ್ಸ್ 1.3 ಬಂತು. ಅಮೆರಿಕದವರು ರೇ ಆರ್ಡನ್ ಅವರ ಗ್ಲೋ ಪ್ಲಗ್ಗಿನ (ಕಾದ ತಂತಿಯಿಂದ ಬೆಂಕಿ ಹತ್ತಿಸುವ ಪ್ಲಗ್) ಕಡೆಗೆ ತಿರುಗಿದರು. ಯುರೋಪಿನ ಹವ್ಯಾಸಿಗಳು ಬಹುಕಾಲ ಡೀಸೆಲನ್ನೇ ಹಿಡಿದುಕೊಂಡರು. ನಮ್ಮ ದೇಶಕ್ಕೂ ಆ ಎಳೆ ಬಂತು. ಮಿಲ್ಸ್ ಮಾದರಿಯ ಪ್ರತಿಗಳು ಕೋಲ್ಕತ್ತದಲ್ಲಿ ತಯಾರಾದವು. ಎನ್‌ಸಿಸಿ ವಾಯುದಳದ ತರಬೇತಿಯಲ್ಲಿ ಮಾದರಿ ವಿಮಾನಕ್ಕೆ ಜಾಗ ಇರುವುದರಿಂದ, ತಂತಿ ಹಿಡಿದು ಸುತ್ತ ತಿರುಗಿಸುವ ವಿಮಾನದ ಮೂತಿಯಲ್ಲಿ ಇಂಥ ಎಂಜಿನನ್ನು ಕಂಡವರು ಕರ್ನಾಟಕದಲ್ಲೂ ಇದ್ದಾರೆ.

ನಾನು ಮಾಡಿದ ಎಂಜಿನಿನ ಬೋರ್ 11 ಮಿ.ಮೀ., ಪಿಸ್ಟನ್ನಿನ ಓಟ 10.5 ಮಿ.ಮೀ. ಗುಣಿಸಿದರೆ 998 ಘನ ಮಿ.ಮೀ., ಅಂದರೆ 1 ಸಿ.ಸಿ.ಗೆ ಎರಡು ಕೂದಲು ಕಡಿಮೆ. ಸಂಪೀಡನ ಅನುಪಾತ 16 ಬೇಕೆಂದರೆ ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯಬೇಕಾದ ಜಾಗ ಸುಮಾರು 66.5 ಘನ ಮಿ.ಮೀ.; ಎತ್ತರದಲ್ಲಿ ಹೇಳಿದರೆ 0.7 ಮಿ.ಮೀ. ಈ ಜಾಗದ ಚಾವಣಿ ಅಲುಗಾಡುವಂಥದ್ದು. ಸಿಲಿಂಡರಿನ ತಲೆಯಲ್ಲಿ ತಲೆಕೆಳಗಾಗಿ ಕೂತ ಇನ್ನೊಂದು ಪಿಸ್ಟನ್ ಅದು. ಕಾಂಟ್ರಾ ಪಿಸ್ಟನ್ ಎನ್ನುತ್ತಾರೆ. ಮೇಲಿನಿಂದ ಒಂದು ಸ್ಕ್ರೂ ಅದನ್ನು ಒತ್ತಿ ಹಿಡಿದಿರುತ್ತದೆ. ಸ್ಕ್ರೂ ಬಿಗಿದರೆ ಚಾವಣಿ ಇಳಿಯುತ್ತದೆ. ಬರೀ 0.1 ಮಿ.ಮೀ. ಇಳಿದರೆ ಅನುಪಾತ 16ರಿಂದ 18.5ಕ್ಕೆ ಏರುತ್ತದೆ. ಮರೆಗಳ (ಥ್ರೆಡ್) ನಡುವೆ 0.7 ಮಿ.ಮೀ. ಅಂತರವಿರುವ 4 ಮಿ.ಮೀ. ಸ್ಕ್ರೂನಲ್ಲಿ ಅದು ಒಂದು ಸುತ್ತಿನ ಏಳನೇ ಒಂದು ಭಾಗ. ಸ್ಕ್ರೂವಿನ ಹಿಡಿಯನ್ನು ಬೆರಳಲ್ಲಿ ಕೊಂಚ ಅಲುಗಿಸಿದರೂ ಎಂಜಿನಿನ ದನಿ ಬದಲಾಗುವುದು ಇದರಿಂದ.

ಆದರೆ 16 ಎಂಬುದು ಕಾಗದದ ಮೇಲಿನ ಅಂಕಿ. ಇಂಥ ಎರಡು ಹೊಡೆತದ ಎಂಜಿನಿನಲ್ಲಿ ಹೊಗೆಯ ಕಿಂಡಿ ಮುಚ್ಚುವವರೆಗೆ ಒತ್ತಡವೇ ಶುರುವಾಗುವುದಿಲ್ಲ. ನನ್ನ ಎಂಜಿನಿನಲ್ಲಿ ಆ ಕಿಂಡಿಯ ಎತ್ತರ 3 ಮಿ.ಮೀ. ಉಳಿಯುವ ಓಟ 7.5 ಮಿ.ಮೀ. ಆ ಲೆಕ್ಕದಲ್ಲಿ ನಿಜವಾದ ಅನುಪಾತ 11.7 ಮಾತ್ರ. 30 ಡಿಗ್ರಿ ಬಿಸಿಯ ಗಾಳಿಯನ್ನು ಇಷ್ಟು ಒತ್ತಿದಾಗ, ಗೋಡೆಗೆ ಹೋಗುವ ಶಾಖವನ್ನು ಧಾರಾಳವಾಗಿ ಕಳೆದರೂ, 290 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬರುತ್ತದೆ. ಇಂಧನದಲ್ಲಿ ಈಥರಿನ ಜೊತೆಗಿರುವ ಸೀಮೆಎಣ್ಣೆ ತಾನಾಗಿ ಹತ್ತುವ ಉಷ್ಣತೆ 210ರಿಂದ 220 ಡಿಗ್ರಿ. ಹಾಗಿದ್ದರೆ ಸೀಮೆಎಣ್ಣೆಯೊಂದೇ ಸಾಲದೇ ಎಂದು ಕೇಳಬಹುದು. ಸಾಲದು, ಕಾರಣ ಸಮಯ. ಆ 210 ಡಿಗ್ರಿ ಎಂಬುದು ಪ್ರಯೋಗಾಲಯದ ಪಾತ್ರೆಯಲ್ಲಿ ಕಾದು ಕೂತು ಅಳೆದದ್ದು. ಹತ್ತು ಸಾವಿರ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 6 ಮಿಲಿಸೆಕೆಂಡ್. ಕಿಂಡಿ ಮುಚ್ಚಿದ ಮೇಲೆ ಪಿಸ್ಟನ್ ತುದಿ ಮುಟ್ಟಲು ಸಿಗುವುದು 2 ಮಿಲಿಸೆಕೆಂಡಿಗೂ ತುಸು ಕಡಿಮೆ. ಅಷ್ಟರಲ್ಲಿ ಹತ್ತಿಕೊಳ್ಳುವ ಆತುರ ಈಥರಿಗೆ ಇದೆ, ಸೀಮೆಎಣ್ಣೆಗೆ ಇಲ್ಲ. ಈಥರ್ ಹತ್ತಿ ಸೀಮೆಎಣ್ಣೆಯನ್ನು ಹತ್ತಿಸುತ್ತದೆ. ದುಡಿಮೆಯ ಬಿಸಿ ಬಹುಪಾಲು ಸೀಮೆಎಣ್ಣೆಯದು.

ಇನ್ನು ಸಂದಿನ ಮಾತು. ಚಿಕ್ಕ ಎಂಜಿನ್ ಎಂದರೆ ದೊಡ್ಡ ಎಂಜಿನಿನ ಕುಗ್ಗಿಸಿದ ರೂಪ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಕಾರಿನ 500 ಸಿ.ಸಿ. ಸಿಲಿಂಡರ್ ನಮ್ಮದಕ್ಕಿಂತ ಉದ್ದ ಅಗಲಗಳಲ್ಲಿ ಸುಮಾರು ಎಂಟು ಪಟ್ಟು ದೊಡ್ಡದು. ಸೋರುವ ಸಂದಿನ ಸುತ್ತಳತೆ ಎಂಟರಲ್ಲಿ ಒಂದಕ್ಕೆ ಇಳಿದರೆ, ಒಳಗಿನ ಅನಿಲದ ಪ್ರಮಾಣ ಐನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಸಂದಿನ ಉದ್ದ, ಹರಿವಿನ ಬಗೆ ಇವನ್ನೆಲ್ಲ ಬದಿಗಿಟ್ಟು ಬರೀ ಪ್ರಮಾಣ ನೋಡಿದರೆ, 1 ಸಿ.ಸಿ. ಎಂಜಿನಿನಲ್ಲಿ 0.005 ಮಿ.ಮೀ. ಸಂದು ಮಾಡುವ ಹಾನಿಯನ್ನು ಕಾರಿನ ಸಿಲಿಂಡರಿನಲ್ಲಿ ಮಾಡಬೇಕಾದರೆ 0.32 ಮಿ.ಮೀ. ಸಂದು ಬೇಕು. ಅಷ್ಟು ಸವೆದ ಕಾರನ್ನು ಯಾವ ಗ್ಯಾರೇಜಿನವರೂ ಸ್ಟಾರ್ಟ್ ಮಾಡಲು ಕೈ ಹಾಕುವುದಿಲ್ಲ. ಅದಕ್ಕೆ ರಿಂಗುಗಳಿವೆ, ನಮ್ಮದಕ್ಕೆ ರಿಂಗೂ ಇಲ್ಲ. ನಯವಾದ ಬೀಡಿನ ಪಿಸ್ಟನ್, ಗಟ್ಟಿಮಾಡಿದ ಉಕ್ಕಿನ ಲೈನರ್, ನಡುವೆ ಎಣ್ಣೆಯ ಪೊರೆ, ಅಷ್ಟೇ.

ಪಿಸ್ಟನ್ನಿಗೆ ಬೀಡು ಕಬ್ಬಿಣವೇ ಏಕೆ ಎಂಬುದಕ್ಕೂ ಉತ್ತರ ಇದೇ ಅಳತೆಯಲ್ಲಿದೆ. 11 ಮಿ.ಮೀ. ಬೀಡು 100 ಡಿಗ್ರಿ ಬಿಸಿಯಾದರೆ ಸುಮಾರು 0.013 ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಲೈನರೂ ಹೆಚ್ಚುಕಡಿಮೆ ಅಷ್ಟೇ. ಅಲ್ಯೂಮಿನಿಯಂ 0.025 ಹಿಗ್ಗುತ್ತದೆ. ಆ ವ್ಯತ್ಯಾಸವೇ ಇಡೀ ಸಂದನ್ನು ನುಂಗಿ ಮಿಗುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ. ಬೀಡಿನೊಳಗಿನ ಗ್ರಾಫೈಟ್ ಎಣ್ಣೆಯನ್ನು ಹಿಡಿದಿಡುತ್ತದೆ ಎನ್ನುವುದು ಮೇಲಿನ ಲಾಭ.

ನನ್ನ ಮೈಕ್ರೋಮೀಟರ್ ತೋರಿಸುವುದು ನೂರನೇ ಒಂದು ಮಿ.ಮೀ. ಬೇಕಾದದ್ದು ಅದರ ಕಾಲುಭಾಗ. ಹಾಗಾಗಿ ಕೊನೆಯ ಹಂತದಲ್ಲಿ ಅಳೆಯುವ ಉಪಕರಣ ಕೈಯೇ. ಲೈನರಿನೊಳಗನ್ನು ತಾಮ್ರದ ಸೀಳು ಕೊಳವೆಗೆ ಎಮರಿ ಪುಡಿ ಸವರಿ ಲ್ಯಾಪ್ ಮಾಡಬೇಕು, ಅಂದರೆ ತಿಕ್ಕಿ ನಯಗೊಳಿಸಬೇಕು. ಕೆಳಭಾಗದಲ್ಲಿ ತುಸು ಹೆಚ್ಚು ಹೊತ್ತು, ಮೇಲೆ ಕಡಿಮೆ, ಹೀಗೆ ಬೋರ್ ಮೇಲಕ್ಕೆ ಹೋದಂತೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಕಿರಿದಾಗುವಂತೆ. ಪಿಸ್ಟನ್ನನ್ನು ಬೇರೆಯೇ ಒಂದು ಉಂಗುರದೊಳಗೆ ಲ್ಯಾಪ್ ಮಾಡಬೇಕು. ಪುಡಿ ಸವರಿದ ಪಿಸ್ಟನ್ನನ್ನು ನೇರ ಲೈನರಿಗೇ ತೂರಿಸಿ ತಿಕ್ಕಿದರೆ ಬೇಗ ಹೊಂದಿಕೊಂಡಂತೆ ಕಾಣುತ್ತದೆ; ಆದರೆ ಪುಡಿ ಬೀಡಿನೊಳಗೆ ಹೂತು ಕೂತು ಎಂಜಿನ್ ಓಡಿದಷ್ಟೂ ಲೈನರನ್ನು ತಿನ್ನುತ್ತಿರುತ್ತದೆ. ಇದನ್ನು ಓದಿ ತಿಳಿದಿದ್ದೂ ಮೊದಲ ಪಿಸ್ಟನ್ನನ್ನು ನಾನು ಹಾಗೇ ಮಾಡಿ ಹಾಳುಮಾಡಿದೆ. ಎರಡನೆಯದು ತೊಳೆದು ಒರೆಸಿದಾಗ ಕಿಂಡಿಯ ಅಂಚಿನವರೆಗೆ ತನ್ನ ತೂಕಕ್ಕೇ ಜಾರಿತು, ಅಲ್ಲಿಂದ ಮೇಲೆ ಬೆರಳು ಕೇಳಿತು, ತುದಿಯಲ್ಲಿ ನಿಂತುಬಿಟ್ಟಿತು. ಎಣ್ಣೆ ಹಚ್ಚಿದ ಮೇಲೆ ಪೂರ್ತಿ ಹೋಯಿತು. ಹಳೆಯ ಫಿಟ್ಟರುಗಳು ಇದನ್ನೇ ‘ಕೈಗೆ ಬಂತು’ ಎನ್ನುತ್ತಿದ್ದರು.

ಇಂಧನ ಮನೆಯಲ್ಲೇ ಬೆರೆಸುವಂಥದ್ದು. ಹಳೆಯ ಲೆಕ್ಕ ಸಮಪಾಲು: ಈಥರ್ ಒಂದು ಪಾಲು, ಸೀಮೆಎಣ್ಣೆ ಒಂದು ಪಾಲು, ಹರಳೆಣ್ಣೆ ಒಂದು ಪಾಲು. ಎಂಜಿನ್ ಪಳಗಿದ ಮೇಲೆ ಎಣ್ಣೆ ಇಳಿಸಿ ಸೀಮೆಎಣ್ಣೆ ಏರಿಸುತ್ತಾರೆ. ಹತ್ತುವುದನ್ನು ಚುರುಕುಮಾಡಲು ನೂರಕ್ಕೆ ಒಂದೆರಡು ಪಾಲು ನೈಟ್ರೇಟ್ ಸೇರಿಸುವುದೂ ಉಂಟು. ಹರಳೆಣ್ಣೆ, ಉತ್ತರ ಕರ್ನಾಟಕದವರ ಬಾಯಲ್ಲಿ ಔಡಲೆಣ್ಣೆ, ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳಿಗೂ ಅದನ್ನೇ ಹಾಕಿದರು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗಿ ತೊಳೆದುಹೋಗದೆ ಬಿಸಿ ಲೋಹಕ್ಕೆ ಅಂಟಿ ನಿಲ್ಲುವ ಅದರ ಗುಣವೇ ಕಾರಣ. ಆದರೆ ಆ ಗುಣವೇ ಇಲ್ಲಿ ತೊಡಕು. ಹರಳೆಣ್ಣೆಗೂ ಸೀಮೆಎಣ್ಣೆಗೂ ಸರಿಯಾಗಿ ಒಗ್ಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬೇರೆಯಾಗಿ ನಿಲ್ಲುತ್ತವೆ. ಇಬ್ಬರನ್ನೂ ಕೂಡಿಸುವುದು ಈಥರ್. ಅದಕ್ಕೇ ಮೊದಲು ಹರಳೆಣ್ಣೆಯನ್ನು ಈಥರಿನಲ್ಲಿ ಕರಗಿಸಿ ಆಮೇಲೆ ಸೀಮೆಎಣ್ಣೆ ಹೊಯ್ಯಬೇಕು.

ಈಥರಿನ ಬಗ್ಗೆ ಒಂದು ಎಚ್ಚರಿಕೆಯನ್ನು ವಿದೇಶಿ ಕೈಪಿಡಿಗಳಿಗಿಂತ ಜೋರಾಗಿ ಇಲ್ಲಿ ಹೇಳಬೇಕಾಗಿದೆ. ಅದು ಕುದಿಯುವುದು 34.6 ಡಿಗ್ರಿಯಲ್ಲಿ. ಇಂಗ್ಲೆಂಡಿನಲ್ಲಿ ಆ ಅಂಕಿ ಪುಸ್ತಕದ ಮಾತು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದು ಕಪಾಟಿನೊಳಗಿನ ಮಾತು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೂ ಸಾಕು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಒಲೆಯವರೆಗೂ ಹೋಗಬಲ್ಲದು. ಗಾಳಿ ಬೆಳಕು ತಾಗಿ ಹಳೆಯದಾದ ಈಥರಿನಲ್ಲಿ ಸಿಡಿಯುವ ಪೆರಾಕ್ಸೈಡುಗಳು ಕೂಡುತ್ತವೆ. ಬೆರಕೆಯ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಮೊದಲು ಹಾರಿಹೋಗುವುದೂ ಅದೇ. ಹೋದ ವಾರ ಒಂದೇ ಚಿಮ್ಮುವಿಕೆಗೆ ಹತ್ತಿದ ಎಂಜಿನ್ ಈ ವಾರ ಹಟ ಹಿಡಿದರೆ, ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಡಬ್ಬಿಯನ್ನು ಅನುಮಾನಿಸಬೇಕು.

ದುರಸ್ತಿಯ ಎಂಜಿನ್ ನನ್ನ ಕೈಗೆ ಬಂದದ್ದು ಪರಿಚಯದವರೊಬ್ಬರ ಟ್ರಂಕಿನಿಂದ. ಕಾಲೇಜಿನ ದಿನಗಳಲ್ಲಿ ಹಾರಿಸಿ ಹಾಗೇ ಮುಚ್ಚಿಟ್ಟಿದ್ದರು. ಹರಳೆಣ್ಣೆ ವರುಷಗಟ್ಟಲೆ ನಿಂತರೆ ಅರಗಿನಂತೆ ಗಟ್ಟಿಯಾಗುತ್ತದೆ, ಪ್ರೊಪೆಲ್ಲರ್ ಮಿಸುಕಾಡಲಿಲ್ಲ. ನನಗಿಂತ ಮೊದಲು ಯಾರೋ ಶಾಫ್ಟಿಗೆ ಇಕ್ಕಳ ಹಾಕಿ ತಿರುಗಿಸಲು ನೋಡಿದ್ದ ಗುರುತು ಸ್ಪಷ್ಟವಾಗಿತ್ತು. ಇಂಥದಕ್ಕೆ ಬಲ ಬೇಡ, ಬಿಸಿ ಬೇಕು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಾಯಿಸಿ, ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಹಾಕಿ, ಮತ್ತೆ ಬಿಸಿ ಮಾಡಿ, ಮೂರನೇ ದಿನ ಅದು ತಾನಾಗಿ ಅರ್ಧ ಸುತ್ತು ಬಿಟ್ಟುಕೊಟ್ಟಿತು.

ಹೊಸ ಇಂಧನ ಹಾಕಿ ಚಿಮ್ಮಿದಾಗ ಹತ್ತಿತು. ಹತ್ತು ಹದಿನೈದು ಸೆಕೆಂಡ್ ಓಡಿತು, ಬೆಚ್ಚಗಾಗುತ್ತಿದ್ದಂತೆ ದನಿ ಸೊರಗಿ ನಿಂತಿತು. ತಣ್ಣಗಾದ ಮೇಲೆ ಮತ್ತೆ ಹತ್ತಿತು, ಮತ್ತೆ ನಿಂತಿತು. ‘ಬೆಂಕಿ ಸಾಲುತ್ತಿಲ್ಲ’ ಎಂದುಕೊಂಡು ನಾನು ಸ್ಕ್ರೂ ಬಿಗಿದೆ. ಕಿಡಿಯ ಎಂಜಿನಿನಲ್ಲಿ ಪ್ಲಗ್ ಬದಲಿಸುವವನ ಯೋಚನೆಯೇ ಇದು. ಬಿಗಿದಾಗ ಒಳಗಿಂದ ಕುಟ್ಟುವ ಸದ್ದು ಬಂತು, ಪ್ರೊಪೆಲ್ಲರ್ ಹಿಂದಕ್ಕೆ ಒದ್ದು ಬೆರಳಿಗೆ ಬಾರಿಸಿತು. ಸರಿಯಾದ ಎಂಜಿನ್ ಬಿಸಿಯಾದಾಗ ಸ್ಕ್ರೂ ಬಿಡಬೇಕಾಗುತ್ತದೆಯೇ ಹೊರತು ಬಿಗಿಯಬೇಕಾಗುವುದಿಲ್ಲ. ಗೋಡೆಗಳು ಬೆಚ್ಚಗಾದಷ್ಟೂ ಬೆಂಕಿ ಬೇಗ ಹತ್ತುತ್ತದೆ. ಇಲ್ಲಿ ಆದದ್ದು ತಿರುಗುಮುರುಗು. ಅಲ್ಲಿಗೆ ಕೈ ಬಿಟ್ಟು ಯೋಚಿಸಬೇಕಿತ್ತು, ತಡವಾಗಿ ಯೋಚಿಸಿದೆ.

ಇದೇ ಹಂತದಲ್ಲಿ ಇನ್ನೊಂದು ಅಪಾಯವೂ ಕಾದಿರುತ್ತದೆ. ಹತ್ತದ ಎಂಜಿನಿಗೆ ಕಿಂಡಿಯಿಂದ ಇಂಧನ ಬಿಡುತ್ತಾ ಹೋಗುತ್ತೇವೆ. ಮೇಲಿನ ಜಾಗ 66 ಘನ ಮಿ.ಮೀ. ಎಂದೆನಲ್ಲ, ಒಂದು ಹನಿ ನೀರಿನ ಗಾತ್ರ ಸುಮಾರು 50. ಎರಡು ಹನಿ ಹೆಚ್ಚಾದರೆ ಆ ಜಾಗ ದ್ರವದಿಂದ ತುಂಬುತ್ತದೆ. ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರೊಪೆಲ್ಲರ್ ತಟ್ಟನೆ ಕಲ್ಲಿಗೆ ಬಡಿದಂತೆ ನಿಂತರೆ ಮುಂದೆ ತಳ್ಳಕೂಡದು. ಸ್ಕ್ರೂ ಬಿಟ್ಟು, ಎಂಜಿನ್ ಬೋರಲು ಹಿಡಿದು, ಹಿಂದಕ್ಕೆ ತಿರುಗಿಸಿ ಖಾಲಿ ಮಾಡಬೇಕು.

ಸೋರಿಕೆಯ ಜಾಗಗಳು ಬೆರಳೆಣಿಕೆಯವು. ಹಿಂದಿನ ಮುಚ್ಚಳದ ಗ್ಯಾಸ್ಕೆಟ್ ಸೋರಿದರೆ ಕ್ರ್ಯಾಂಕ್‌ಕೇಸಿನ ಹೀರುವ ಶಕ್ತಿ ಹೋಗಿ, ಕೈಯಾರೆ ಬಿಟ್ಟ ಇಂಧನ ಮುಗಿದ ಕೂಡಲೇ ಎಂಜಿನ್ ನಿಲ್ಲುತ್ತದೆ, ಬಿಸಿಗೂ ತಂಪಿಗೂ ವ್ಯತ್ಯಾಸ ಇರುವುದಿಲ್ಲ. ಇಲ್ಲಿ ವ್ಯತ್ಯಾಸ ಇತ್ತು. ಪಿಸ್ಟನ್ ಸವೆದಿದ್ದರೆ ಕಿಂಡಿಯ ಬಳಿ ಗುಳ್ಳೆ ಕಾಣಬೇಕು, ಕಾಣಲಿಲ್ಲ. ತಲೆಯ ಸ್ಕ್ರೂ ಬಿಚ್ಚಿ ಆ ತೂತಿಗೆ ತೆಳು ಎಣ್ಣೆ ಎರಡು ಹನಿ ಬಿಟ್ಟು ಮೆಲ್ಲಗೆ ತಿರುಗಿಸಿದೆ. ಗುಳ್ಳೆಗಳು ಸಾಲಾಗಿ ಎದ್ದವು.

ಕಾಂಟ್ರಾ ಪಿಸ್ಟನ್ ಹೊರಬಂದಾಗ ಅದರ ಮೈಮೇಲೆ ಉದ್ದಕ್ಕೆ ಎರಡು ಗೀರು. ಹಿಂದೊಮ್ಮೆ ಯಾರೋ ಮೊಳೆಯನ್ನೋ ಸ್ಕ್ರೂಡ್ರೈವರನ್ನೋ ಇಟ್ಟು ಬಡಿದು ತೆಗೆದಿರಬೇಕು. ತಣ್ಣಗಿರುವಾಗ ಗಟ್ಟಿ ಹರಳೆಣ್ಣೆ ಆ ಗೀರುಗಳನ್ನು ತುಂಬಿ ಮುಚ್ಚುತ್ತಿತ್ತು. ಹರಳೆಣ್ಣೆಯ ಸ್ನಿಗ್ಧತೆ 40 ಡಿಗ್ರಿಯಿಂದ 100 ಡಿಗ್ರಿಗೆ ಹೋಗುವಷ್ಟರಲ್ಲಿ ಹತ್ತು ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಎಂಜಿನ್ ಬೆಚ್ಚಗಾದ ಕೂಡಲೇ ಗೀರು ಬಾಯಿಬಿಡುತ್ತಿತ್ತು, ಒತ್ತಡ ಸೋರುತ್ತಿತ್ತು, ಉಷ್ಣತೆ ಈಥರಿಗೆ ಬೇಕಾದಷ್ಟು ಏರುತ್ತಿರಲಿಲ್ಲ. ಬೆಂಕಿಯ ರೋಗವೆಂದು ಕಂಡದ್ದು ಎರಡು ಗೀರಿನ ರೋಗ.

ಹೊಸ ಕಾಂಟ್ರಾ ಪಿಸ್ಟನ್ನನ್ನು ಬೀಡಿನಲ್ಲೇ ಮಾಡಿದೆ. ಇದರ ಹೊಂದಿಕೆ ಕೆಲಸ ಮಾಡುವ ಪಿಸ್ಟನ್ನಿನದಕ್ಕಿಂತ ಬೇರೆ. ಕೈಗೆ ಜಾರಬಾರದು, ಮರದ ಕಡ್ಡಿಯಿಟ್ಟು ತಟ್ಟಿದರೆ ಸರಿಯಬೇಕು. ಸಡಿಲವಾದರೆ ಸೋರುತ್ತದೆ; ತೀರ ಬಿಗಿಯಾದರೆ ಸ್ಕ್ರೂ ಬಿಟ್ಟಾಗ ದಹನದ ಒತ್ತಡಕ್ಕೆ ಮೇಲೇಳದೆ ಕೆಳಗೇ ಕಚ್ಚಿ ಕೂರುತ್ತದೆ, ಸ್ಕ್ರೂ ಮಾತ್ರ ಗಾಳಿಯಲ್ಲಿ ತಿರುಗುತ್ತಿರುತ್ತದೆ. ಎರಡು ತುಂಡು ಕೆಟ್ಟವು, ಮೂರನೆಯದು ನಿಂತಿತು.

ಆಮೇಲೆ ಎಂಜಿನ್ ಪಳಗಿಸುವ ಕೆಲಸ. ಎಣ್ಣೆ ಹೆಚ್ಚಿರುವ ಬೆರಕೆ, ಸೂಜಿ ತುಸು ಸಡಿಲ, ಒಂದೊಂದು ನಿಮಿಷದ ಓಟ, ನಡುವೆ ಪೂರ್ತಿ ತಣ್ಣಗಾಗಲು ಬಿಡುವುದು. ಪ್ರತಿ ಸಲವೂ ಹೊಗೆಯ ಕಿಂಡಿಯ ಎದುರು ಬಿಳಿ ಕಾಗದ ಹಿಡಿದು ಬೀಳುವ ಎಣ್ಣೆಯನ್ನು ನೋಡಿ ದಿನಾಂಕ ಬರೆದಿಟ್ಟಿದ್ದೇನೆ. ಮೊದಲ ಕಾಗದಗಳಲ್ಲಿ ಸವೆದ ಲೋಹದ ಕಪ್ಪು, ಬರಬರುತ್ತಾ ಬೂದು, ಈಚಿನವುಗಳಲ್ಲಿ ಜೇನಿನ ಬಣ್ಣ. ಮೊದಲ ದಿನ ಚೆನ್ನಾಗಿ ಓಡಿದ ಕಡೆ ಸ್ಕ್ರೂ ಹಿಡಿಯ ನೇರಕ್ಕೆ ತಲೆಯ ಮೇಲೆ ಒಂದು ಗೆರೆ ಗೀಚಿದ್ದೆ. ಈಗ ಹಿಡಿ ಆ ಗೆರೆಯನ್ನು ಮುಟ್ಟುವ ಮೊದಲೇ ಎಂಜಿನ್ ಅದೇ ದನಿಯಲ್ಲಿ ಓಡುತ್ತಿದೆ.